ಪ್ಯಾರಾ ಪುರಾಣ

ದೆಹಲಿಯಲ್ಲಿ ಸಂಸಾರ ಹೂಡಿದವರ ಕಿವಿಗೆ 'ಪ್ಯಾರಾಮಿಲಿಟರಿ' ಎಂಬ ಪದ ವಾರಕ್ಕೆರಡು ಸಲವಾದರೂ ಬೀಳದೆ ಇರುವುದಿಲ್ಲ. ಚುನಾವಣೆ ಬಂದರೆ ಪ್ಯಾರಾಮಿಲಿಟರಿ ಬಂತು ಎನ್ನುತ್ತಾರೆ. ಗಲಾಟೆಯಾದರೆ ಪ್ಯಾರಾಮಿಲಿಟರಿ ಕರೆಸಿ ಎನ್ನುತ್ತಾರೆ. ಜನವರಿ 26ರ ಪಥಸಂಚಲನದಲ್ಲಿ ಅಲಂಕರಿಸಿದ ಒಂಟೆಗಳ ಮೇಲೆ ಮೀಸೆ ಹುರಿಮಾಡಿಕೊಂಡು ಬರುವ ಜವಾನರನ್ನು ಕಂಡು ಮಕ್ಕಳು 'ಆರ್ಮಿ! ಆರ್ಮಿ!' ಎಂದು ಕುಣಿದರೆ, ಪಕ್ಕದಲ್ಲಿ ಕುಳಿತ ತಿಳಿದವರೊಬ್ಬರು 'ಆರ್ಮಿ ಅಲ್ಲ ಮರಿ, ಪ್ಯಾರಾಮಿಲಿಟರಿ' ಎಂದು ತಿದ್ದುತ್ತಾರೆ. (ಆ ಒಂಟೆಗಳು ಗಡಿ ಭದ್ರತಾ ಪಡೆಯವು. 1976ರಿಂದ ಅವು ಮೆರವಣಿಗೆಗೆ ಬರುತ್ತಿವೆ.) ಅಷ್ಟೇಕೆ, ನೀವು ದಿನಾ ಕಾಲೇಜಿಗೆ ಹೋಗುವಾಗ ಮೆಟ್ರೋ ನಿಲ್ದಾಣದಲ್ಲಿ ನಿಮ್ಮ ಚೀಲವನ್ನು ಯಂತ್ರದೊಳಗೆ ತೂರಿಸಿ, ಕೈ ಮೇಲೆತ್ತಿಸಿ ತಪಾಸಣೆ ಮಾಡುತ್ತಾರಲ್ಲ, ಅವರೂ ಪ್ಯಾರಾಮಿಲಿಟರಿಯವರೇ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ 2007ರಿಂದ ದೆಹಲಿ ಮೆಟ್ರೋವನ್ನು ಕಾಯುತ್ತಿದೆ.

ಈಚೆಗೆ ನಮ್ಮ ಸಂಘದ ಯುವ ವಿಭಾಗದವರು ರಸಪ್ರಶ್ನೆಗೆ ಪ್ರಶ್ನೆಗಳನ್ನು ತಯಾರಿಸುತ್ತ ಕುಳಿತಿದ್ದಾಗ ಈ ಪದದ ಚರ್ಚೆ ಎದ್ದಿತು. ಎಲ್ಲರೂ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಒಬ್ಬಳು 'ಅಂಕಲ್, ಪ್ಯಾರಾ ಅಂದ್ರೆ ಪ್ಯಾರಾಚೂಟ್ ಅಲ್ವಾ? ವಿಮಾನದಿಂದ ಹಾರೋರು' ಎಂದಳು. ಇನ್ನೊಬ್ಬ, ಮನೆಯಲ್ಲಿ ಅಜ್ಜಿಯಿಂದ ಒಳ್ಳೆಯ ಕನ್ನಡ ಕಲಿತವನು, 'ಪರ ಅಂದ್ರೆ ಬೇರೆಯವರು. ಪರಊರು, ಪರದೇಶ, ಹಾಗೇ ಪರಮಿಲಿಟರಿ' ಎಂದ. ಮೂರನೆಯವ ಕಿಲಾಡಿ. 'ಕನ್ನಡಪರ ಅಂದ್ರೆ ಕನ್ನಡದ ಪರವಾಗಿರೋರು. ಪರಮಿಲಿಟರಿ ಅಂದ್ರೆ ಮಿಲಿಟರಿ ಪರವಾಗಿ ಘೋಷಣೆ ಕೂಗೋರು' ಎಂದು ಎಲ್ಲರನ್ನೂ ನಗಿಸಿದ. ನಗು ಬಂದರೂ ಮೂವರ ಮಾತಿನಲ್ಲೂ ಎಳೆದರೆ ಬರುವ ಒಂದೊಂದು ಎಳೆಯಿದೆ. ಆ ಎಳೆಗಳನ್ನೇ ಹಿಡಿದು ಇಲ್ಲಿ ಸ್ವಲ್ಪ ಹರಟುತ್ತೇನೆ.

ಮೊದಲು ಪ್ಯಾರಾಚೂಟಿನ ವಿಚಾರ. ಅದರ 'ಪ್ಯಾರಾ' ಬೇರೆ ಮನೆತನದ್ದು. ಇಟಾಲಿಯನ್, ಫ್ರೆಂಚ್ ದಾರಿಯಾಗಿ ಬಂದ ಅದಕ್ಕೆ 'ತಡೆಯುವುದು, ಕಾಪಾಡುವುದು' ಎಂಬ ಅರ್ಥ. ಫ್ರೆಂಚಿನಲ್ಲಿ 'ಶೂಟ್' ಎಂದರೆ ಬೀಳುವುದು. ಬಿದ್ದು ಸಾಯದಂತೆ ಕಾಪಾಡುವುದು ಪ್ಯಾರಾಚೂಟ್, ಬಿಸಿಲನ್ನು ತಡೆಯುವ ಕೊಡೆ ಪ್ಯಾರಾಸೋಲ್. ನಮ್ಮ ಸೈನ್ಯದಲ್ಲಿ 'ಪ್ಯಾರಾ' ಎಂದು ಕರೆಸಿಕೊಳ್ಳುವವರು ಈ ಪ್ಯಾರಾಚೂಟಿನ ಕಡೆಯವರು, ಪ್ಯಾರಾಚೂಟ್ ರೆಜಿಮೆಂಟಿನ ಯೋಧರು. ಅದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅವರು ಅಪ್ಪಟ ಭೂಸೇನೆಯವರು. ಅವರಿಗೂ ಪ್ಯಾರಾಮಿಲಿಟರಿಗೂ ಹೆಸರಿನ ಮೊದಲೆರಡು ಅಕ್ಷರ ಬಿಟ್ಟರೆ ಬೇರೆ ನಂಟಿಲ್ಲ.

ಪ್ಯಾರಾಮಿಲಿಟರಿಯ 'ಪ್ಯಾರಾ' ಗ್ರೀಕ್ ಭಾಷೆಯದು. 'ಪಕ್ಕದಲ್ಲಿ, ಒತ್ತಿಗೆ, ಮಗ್ಗುಲಲ್ಲಿ' ಎಂಬುದು ಅದರ ಮುಖ್ಯ ಅರ್ಥ. ಶಾಲೆಯಲ್ಲಿ ನೀವು ಬರೆಯುವ ಪ್ಯಾರಾಗ್ರಾಫ್ ಎಂಬುದು ಮೂಲದಲ್ಲಿ ಬರಹದ ಪಕ್ಕದಲ್ಲಿ ಎಳೆದ ಗೆರೆ. ಗ್ರೀಕರ ಹಸ್ತಪ್ರತಿಗಳಲ್ಲಿ ಹೊಸ ವಿಷಯ ಆರಂಭವಾಯಿತೆಂದು ತೋರಿಸಲು ಅಂಚಿನಲ್ಲಿ ಒಂದು ಗೆರೆ ಹಾಕುತ್ತಿದ್ದರು. ಒಂದರ ಪಕ್ಕದಲ್ಲೊಂದು ಸಾಗುವ ಗೆರೆಗಳು ಪ್ಯಾರಲಲ್. ಇನ್ನೂ ಸ್ವಾರಸ್ಯದ್ದೆಂದರೆ ಪ್ಯಾರಸೈಟ್. ಈಗ ಅದಕ್ಕೆ ಪರೋಪಜೀವಿ ಎನ್ನುತ್ತೇವೆ. ಗ್ರೀಕರಿಗೆ ಅದು 'ಅನ್ನದ ಪಕ್ಕದಲ್ಲಿರುವವನು', ಅಂದರೆ ದೊಡ್ಡವರ ಮನೆಯ ಪಂಕ್ತಿಯಲ್ಲಿ ಮುಖಸ್ತುತಿ ಮಾಡಿ ಪುಕ್ಕಟೆ ಊಟ ಹೊಡೆಯುವವನು. ಅವರ ಹಾಸ್ಯ ನಾಟಕಗಳಲ್ಲಿ ಅವನಿಗೆ ಖಾಯಂ ಪಾತ್ರವಿತ್ತು. (ನಮ್ಮ ವಾರ್ಷಿಕೋತ್ಸವದಲ್ಲಿ ಭಾಷಣಗಳೆಲ್ಲ ಮುಗಿದು ಬಿಸಿಬೇಳೆಬಾತಿನ ಪರಿಮಳ ಹರಡುವ ಹೊತ್ತಿಗೆ ಸರಿಯಾಗಿ ಪ್ರತ್ಯಕ್ಷರಾಗುವ ಮಹನೀಯರ ನೆನಪು ನಿಮಗೆ ಬಂದರೆ ಅದಕ್ಕೆ ನಾನು ಹೊಣೆಯಲ್ಲ.)

ಸಂಸ್ಕೃತದ 'ಪರ' ಈ ಗ್ರೀಕ್ 'ಪ್ಯಾರಾ'ಕ್ಕೆ ದೂರದ ದಾಯಾದಿ. ಎರಡನ್ನೂ ಒಂದೇ ಇಂಡೋ-ಯುರೋಪಿಯನ್ ಬೇರಿಗೆ ಭಾಷಾಶಾಸ್ತ್ರಜ್ಞರು ಒಯ್ದು ಕಟ್ಟುತ್ತಾರೆ. ಆದ್ದರಿಂದ ಅಜ್ಜಿಯ ಮೊಮ್ಮಗನ ಊಹೆ ಪೂರ್ತಿ ಹಳ್ಳಕ್ಕೆ ಬೀಳಲಿಲ್ಲ. ಆದರೆ ಅರ್ಥಗಳು ಬಹಳ ಹಿಂದೆಯೇ ಬೇರೆ ಬೇರೆ ಒಲೆ ಹೂಡಿವೆ. ಇನ್ನು 'ಮಿಲಿಟರಿ', ಲ್ಯಾಟಿನ್ನಿನಲ್ಲಿ ಸೈನಿಕನಿಗಿದ್ದ 'ಮಿಲೆಸ್' ಎಂಬ ಹೆಸರಿನಿಂದ ಬಂದದ್ದು. ಅಲ್ಲಿಗೆ ಪ್ಯಾರಾಮಿಲಿಟರಿ ಎಂದರೆ ಸೈನ್ಯದ ಪಕ್ಕದಲ್ಲಿರುವುದು. ಪಕ್ಕದಲ್ಲಿರುವುದು ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇರುಗಳು ಇಷ್ಟು ಹಳೆಯವಾದರೂ ಈ ಪದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಇಂಗ್ಲಿಷಿನಲ್ಲಿ ಇದು ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ವರ್ಸೇಲ್ಸ್ ಒಪ್ಪಂದವಾದಾಗ ಜರ್ಮನಿಯ ಸೈನ್ಯ 1 ಲಕ್ಷ ಜನರನ್ನು ಮೀರಬಾರದೆಂದು ಕಟ್ಟು ಹಾಕಿದರು. ಬಂದೂಕು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ ಲಕ್ಷಾಂತರ ಮಂದಿ ಬೀದಿಗೆ ಬಿದ್ದರು. ಅವರಿಂದಲೇ ಖಾಸಗಿ ದಂಡುಗಳು ಹುಟ್ಟಿಕೊಂಡವು. ಇಟಲಿಯಲ್ಲಿ ಮುಸೊಲಿನಿಯ ಕರಿ ಅಂಗಿಯವರು, ಜರ್ಮನಿಯಲ್ಲಿ ಹಿಟ್ಲರನ ಕಂದು ಅಂಗಿಯವರು. ಸಮವಸ್ತ್ರವಿದೆ, ಕವಾಯತು ಇದೆ, ಪದವಿಗಳಿವೆ, ಸೆಲ್ಯೂಟ್ ಇದೆ, ಬೀದಿಯಲ್ಲಿ ಹೊಡೆದಾಟವೂ ಇದೆ. ಆದರೆ ಸರ್ಕಾರದ ಸೈನ್ಯವಲ್ಲ. 1934ರ ಹೊತ್ತಿಗೆ ಹಿಟ್ಲರನ ಕಂದು ಅಂಗಿಯವರ ಸಂಖ್ಯೆ ಜರ್ಮನ್ ಸೈನ್ಯದ ಹಲವು ಪಟ್ಟು ಬೆಳೆದಿತ್ತು. 1932ರಲ್ಲಿ ಜಿನೀವಾದಲ್ಲಿ ನಿಶ್ಶಸ್ತ್ರೀಕರಣ ಸಮ್ಮೇಳನ ಸೇರಿ, ಯಾವ ದೇಶದ ಸೈನ್ಯ ಎಷ್ಟು ಎಂದು ಎಣಿಸಲು ಹೊರಟಾಗ ಇಂಥ ದಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಕೆ ಬಿಡಬೇಕೆ ಎಂಬ ತಕರಾರು ಎದ್ದಿತು. ಇವುಗಳನ್ನು ಕರೆಯಲು ಒಂದು ಹೆಸರು ಬೇಕಾಗಿದ್ದ ಕಾಲ ಅದು. ಇಂಗ್ಲೆಂಡಿನಲ್ಲೂ ಮೋಸ್ಲಿ ಎಂಬಾತ ತನ್ನದೇ ಕರಿ ಅಂಗಿಯ ಗುಂಪು ಕಟ್ಟಿದ. 1936ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ತಂದು ರಾಜಕೀಯ ಸಮವಸ್ತ್ರವನ್ನೂ ಸೈನ್ಯದ ಮಾದರಿಯ ಸಂಘಟನೆಗಳನ್ನೂ ನಿಷೇಧಿಸಿತು.

ಹೀಗೆ ಈ ಪದದ ಹುಟ್ಟು ಗೌರವದ್ದಲ್ಲ. ಯುರೋಪಿನಲ್ಲಿ ಅದರ ಮೇಲಿನ ಆ ಕಲೆ ಇನ್ನೂ ಹೋಗಿಲ್ಲ. ನಮ್ಮ ಸಂಘದ ಒಬ್ಬ ಹುಡುಗಿ ಬೆಲ್‌ಫಾಸ್ಟಿಗೆ ಓದಲು ಹೋಗಿದ್ದಳು. ಮನೆ ಬಾಡಿಗೆಗೆ ಕೊಟ್ಟ ಮುದುಕಿ ಚಹಾ ಕೊಟ್ಟು ಊರು ಮನೆ ವಿಚಾರಿಸಿದಾಗ ಇವಳು ಹೆಮ್ಮೆಯಿಂದ 'ನಮ್ಮ ಚಿಕ್ಕಪ್ಪ ಪ್ಯಾರಾಮಿಲಿಟರಿಯಲ್ಲಿದ್ದಾರೆ' ಎಂದಳಂತೆ. ಮುದುಕಿಯ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತಂತೆ! ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ನಡೆದ ರಕ್ತಪಾತದಲ್ಲಿ ಸುಮಾರು 3,500 ಜನ ಸತ್ತರು. ಅಲ್ಲಿ ಪ್ಯಾರಾಮಿಲಿಟರಿ ಎಂದರೆ ಐ.ಆರ್.ಎ., ಯು.ವಿ.ಎಫ್. ಮುಂತಾದ ಕಾನೂನುಬಾಹಿರ ಸಶಸ್ತ್ರ ಗುಂಪುಗಳು. ಚಿಕ್ಕಪ್ಪ ಹಿಮಾಲಯದಲ್ಲಿ ಚೀನಾ ಗಡಿ ಕಾಯುವ ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸಿನವರೆಂದು ವಿವರಿಸಿ ಹೇಳಿದ ಮೇಲೆ ಆ ತಾಯಿಗೆ ಜೀವ ಬಂತಂತೆ. ಹೊರದೇಶಕ್ಕೆ ಹೊರಟಿರುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು. ಪಡೆಯ ಹೆಸರನ್ನೇ ಹೇಳಿ.

ನಮ್ಮಲ್ಲಿ ಅದೇ ಪದ ಸರ್ಕಾರದ ಪಡೆಗಳಿಗೆ ಅಂಟಿಕೊಂಡಿತು. ಇವುಗಳ ಪೈಕಿ ಅತಿ ಹಳೆಯದು ಅಸ್ಸಾಂ ರೈಫಲ್ಸ್. 1835ರಲ್ಲಿ ಕಾಚಾರ್ ಲೆವಿ ಎಂಬ ಹೆಸರಿನಲ್ಲಿ ಆರಂಭವಾಗಿ 1917ರಲ್ಲಿ ಈಗಿನ ಹೆಸರು ಪಡೆಯಿತು. ಸಿ.ಆರ್.ಪಿ.ಎಫ್. 1939ರಲ್ಲಿ ನೀಮಚ್‌ನಲ್ಲಿ ಬ್ರಿಟಿಷ್ ಪ್ರಭುತ್ವದ ಪ್ರತಿನಿಧಿಯ ಪೊಲೀಸಾಗಿ ಹುಟ್ಟಿದ್ದು. 1949ರ ಕಾಯ್ದೆಯಿಂದ ಈಗಿನ ರೂಪಕ್ಕೆ ಬಂತು. ಈಗ ಅದರಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಚೀನಾ ಯುದ್ಧ ನಡೆಯುತ್ತಿರುವಾಗಲೇ, 1962ರ ಅಕ್ಟೋಬರಿನಲ್ಲಿ, ಐ.ಟಿ.ಬಿ.ಪಿ. ಹುಟ್ಟಿತು. ಸಿ.ಐ.ಎಸ್.ಎಫ್. 1969ರದು. ನೇಪಾಳ, ಭೂತಾನ್ ಗಡಿಗಳಲ್ಲಿರುವುದು ಸಶಸ್ತ್ರ ಸೀಮಾ ಬಲ.

ಗಡಿ ಭದ್ರತಾ ಪಡೆಯ ಹುಟ್ಟನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1965ರವರೆಗೆ ಪಾಕಿಸ್ತಾನದ ಗಡಿಯನ್ನು ಆಯಾ ರಾಜ್ಯಗಳ ಸಶಸ್ತ್ರ ಪೊಲೀಸರೇ ಕಾಯುತ್ತಿದ್ದರು. ಆ ವರ್ಷದ ಏಪ್ರಿಲ್ 9ರಂದು ಕಚ್ಛದ ರಣ್ ಪ್ರದೇಶದ ಸರ್ದಾರ್ ಪೋಸ್ಟಿನ ಮೇಲೆ ಪಾಕಿಸ್ತಾನದ ಸೇನೆ ಎರಗಿದಾಗ ಎದುರು ನಿಂತವರು ಸಿ.ಆರ್.ಪಿ.ಎಫ್.ನ ಸಣ್ಣ ತುಕಡಿಯೊಂದರ ಜನ. ಅವರು ದಾಳಿಯನ್ನು ಹಿಮ್ಮೆಟ್ಟಿಸಿದರು. ಆದರೆ ಒಂದೊಂದು ರಾಜ್ಯದ ಪೊಲೀಸು ಒಂದೊಂದು ರೀತಿ ಕಾದರೆ ಅಂತರರಾಷ್ಟ್ರೀಯ ಗಡಿ ಉಳಿಯದು ಎಂಬುದು ಮನವರಿಕೆಯಾಯಿತು. 1965ರ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ ಸ್ಥಾಪನೆಯಾಯಿತು. ಕೆ. ಎಫ್. ರುಸ್ತುಂಜಿ ಅದರ ಮೊದಲ ಮುಖ್ಯಸ್ಥರು.

ಈ ಪಡೆಗಳಿಗೂ ಸೈನ್ಯಕ್ಕೂ ವ್ಯತ್ಯಾಸ ಏನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ತೋಳಿನ ಪಟ್ಟಿಯನ್ನು ನೋಡಬೇಡಿ, ಪದವಿಯ ಹೆಸರು ಕೇಳಿ. ಸೈನ್ಯದಲ್ಲಿ ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್. ಬಿ.ಎಸ್.ಎಫ್.ನಲ್ಲಿ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್, ಸಬ್ ಇನ್‌ಸ್ಪೆಕ್ಟರ್. ಒಬ್ಬರ ಸಂಬಳದ ಕಡತ ರಕ್ಷಣಾ ಸಚಿವಾಲಯದಲ್ಲಿ, ಇನ್ನೊಬ್ಬರದು ಗೃಹ ಸಚಿವಾಲಯದಲ್ಲಿ. ಅಸ್ಸಾಂ ರೈಫಲ್ಸ್ ಮಾತ್ರ ಎರಡು ಮನೆಯ ಅಳಿಯ. ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹಿಡಿತ ಭೂಸೇನೆಯದು.

ಇಷ್ಟೆಲ್ಲ ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ನಮ್ಮ ಅಕ್ಕನ ಯಜಮಾನರು ಬಿ.ಎಸ್.ಎಫ್.ನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಧಾರವಾಡದ ಕಡೆಯವರು. ಜೈಸಲ್ಮೇರಿನ ಮರಳು, ತ್ರಿಪುರಾದ ಮಳೆ, ಕಾಶ್ಮೀರದ ಹಿಮ ಮೂರನ್ನೂ ಉಂಡವರು. ಅಕ್ಕ ಮದುವೆಯಾದ ಮೊದಲ ಹತ್ತು ವರ್ಷಗಳಲ್ಲಿ ಅವರೊಡನೆ ಕಳೆದ ದಿನಗಳನ್ನು ಕೂಡಿಸಿದರೆ ಎರಡು ವರ್ಷವೂ ಆಗಲಾರದು. ಕೊನೆಗೆ ದೆಹಲಿಗೆ ವರ್ಗವಾಗಿ ಇಲ್ಲೇ ನೆಲೆಸಿದರು. ಅವರ ಮಗ ನಮ್ಮ ಯುವ ವಿಭಾಗದ ಉತ್ಸಾಹಿ ಸದಸ್ಯ.

ಈ ಹುಡುಗ ಕೆಲವು ವರ್ಷಗಳ ಹಿಂದೆ ಕಾಲೇಜೊಂದಕ್ಕೆ ಅರ್ಜಿ ಹಾಕಲು ಹೋದ. ಕಾಲೇಜಿನ ಹೆಸರು ಇಲ್ಲಿ ಬೇಡ. ಅರ್ಜಿಯಲ್ಲಿ ಸೈನಿಕರ ಮಕ್ಕಳಿಗೆಂದು ಒಂದು ಅಂಕಣವಿತ್ತು. ಅಲ್ಲಿ ಗುರುತು ಹಾಕಿದ. ಕಿಟಕಿಯಾಚೆಯ ಗುಮಾಸ್ತ ಕಾಗದ ನೋಡಿ, ಕನ್ನಡಕ ಮೇಲೇರಿಸಿ, 'ಯೇ ತೋ ಅರ್ಧಸೈನಿಕ್ ಹೈ, ಸೈನಿಕ್ ನಹೀಂ' ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದ. ನಿಯಮದ ಪ್ರಕಾರ ಆ ಅಂಕಣ ಇವನಿಗೆ ಸಲ್ಲುತ್ತಿರಲಿಲ್ಲವೋ ಏನೋ, ಅದು ಬೇರೆ ಮಾತು. ಹುಡುಗನಿಗೆ ನೋವಾದದ್ದು ಸೀಟಿಗಾಗಿ ಅಲ್ಲ. ಸಾಲಿನಲ್ಲಿ ನಿಂತವರು ನಕ್ಕರಂತೆ. ಸಂಜೆ ಮನೆಗೆ ಬಂದವನೇ ನನ್ನನ್ನು ಕೇಳಿದ: 'ಮಾಮಾ, ಕನ್ನಡದಾಗೂ ಅರೆಸೇನಾ ಪಡೆ ಅಂತಾರಲ್ಲ. ಅಪ್ಪ ಏನು ಅರ್ಧಾ ಸೈನಿಕ ಏನು?' ಭಾವ ಅಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ, 'ಗುಂಡು ಬಂದ್ರ ಅದು ಅರ್ಧಾ ಬರೂದಿಲ್ಲ, ಪೂರ್ತಿನs ಬರತೈತಿ' ಎಂದರು. ಮುಂದೆ ಆ ವಿಷಯ ಅವರು ಎತ್ತಲಿಲ್ಲ.

ನಾನು ಮಾತ್ರ ಅಂದಿನಿಂದ ಈ 'ಅರೆ'ಯ ಬೆನ್ನು ಹತ್ತಿದ್ದೇನೆ. ಕನ್ನಡದಲ್ಲಿ ಅರೆ ಎಂದರೆ ಅರ್ಧ ಹೌದು, ಆದರೆ ಅದಕ್ಕೆ 'ಪೂರ್ತಿಯಾಗದ್ದು' ಎಂಬ ಕೊರತೆಯ ವಾಸನೆಯೂ ಇದೆ. ಅರೆಹೊಟ್ಟೆ, ಅರೆಬೆಂದ ಅನ್ನ, ಅರೆಬರೆ ಕೆಲಸ, ಇವುಗಳಲ್ಲಿ ಒಂದಾದರೂ ಹೊಗಳಿಕೆಯ ಮಾತೇ? ಇಂಗ್ಲಿಷಿನಲ್ಲಿ 'ಸೆಮಿ' ಬಂದರೂ ನಾವು ಅರೆ ಎನ್ನುತ್ತೇವೆ, ಅರೆಸರ್ಕಾರಿ. 'ಕ್ವಾಸಿ' ಬಂದರೂ ಅರೆ, ಅರೆನ್ಯಾಯಿಕ. 'ಪ್ಯಾರಾ' ಬಂದರೂ ಅರೆ, ಅರೆವೈದ್ಯಕೀಯ, ಅರೆಸೇನಾ. ಮೂರು ಬೇರೆ ಬೇರೆ ಬೀಗಗಳಿಗೆ ಒಂದೇ ಕೀಲಿಕೈ! ಸೆಮಿ ಎಂದರೆ ಅರ್ಧ ಸರಿ. ಕ್ವಾಸಿ ಎಂದರೆ 'ಹಾಗೆ ತೋರುವ'. ಪ್ಯಾರಾ ಎಂದರೆ, ಆಗಲೇ ಹೇಳಿದೆನಲ್ಲ, ಪಕ್ಕದಲ್ಲಿರುವುದು. ಈ ಅರ್ಧದ ಲೆಕ್ಕ ಕನ್ನಡದ್ದು ಮಾತ್ರವಲ್ಲ. ಹಿಂದಿಯ 'ಅರ್ಧಸೈನಿಕ್' ನೋಡಿದಿರಿ. ಮುಂಬಯಿ, ಪುಣೆಯಲ್ಲಿರುವ ನಿಮ್ಮ ಗೆಳೆಯರನ್ನು ಕೇಳಿ, ಮರಾಠಿಯವರು 'ನಿಮಲಷ್ಕರಿ' ಎನ್ನುತ್ತಾರೆ. ನಿಮ್ ಎಂಬುದೂ ಪಾರ್ಸಿ ಭಾಷೆಯ ಅರ್ಧವೇ. ತಮಿಳರು ಮಾತ್ರ ಜಾಣರು. ಅವರದು 'ತುಣೈ ರಾಣುವಂ'. ತುಣೈ ಎಂದರೆ ಜೊತೆ, ಆಸರೆ, ಒತ್ತಾಸೆ. ಚೆನ್ನೈಯಲ್ಲಿ ಬೆಳೆದ ಬಿ.ಎಸ್.ಎಫ್. ಜವಾನನ ಮಗನಿಗೆ ಅವನ ಭಾಷೆಯೇ ಅವಮಾನ ಮಾಡುವುದಿಲ್ಲ.

ನಮಗೂ ಬೇರೆ ಪದ ಸಿಗಲಾರದೆ? ಸಂಗೀತ ಕಛೇರಿಯಲ್ಲಿ ಗಾಯಕರ ಪಕ್ಕ ಕುಳಿತ ಪಿಟೀಲಿಗೂ ಮೃದಂಗಕ್ಕೂ ನಾವು 'ಪಕ್ಕವಾದ್ಯ' ಎನ್ನುತ್ತೇವೆ. ಯಾರಾದರೂ ಅದನ್ನು ಅರೆವಾದ್ಯ ಎಂದಾರೆಯೇ? ತನಿ ಆವರ್ತನದ ಹೊತ್ತಿಗೆ ಗಾಯಕರೇ ಸುಮ್ಮನೆ ತಾಳ ಹಾಕುತ್ತ ಕೂರಬೇಕು! ಪ್ಯಾರಾ ಎಂಬುದಕ್ಕೆ ಇದಕ್ಕಿಂತ ಸಮೀಪದ ಕನ್ನಡ ನನಗೆ ಹೊಳೆದಿಲ್ಲ. ಪಕ್ಕಪಡೆ, ಒತ್ತುಪಡೆ, ಸಹಸೇನೆ, ಯಾವುದಾದರೂ ಸರಿ, ಬಳಸುತ್ತ ಬಳಸುತ್ತ ನಾಲಿಗೆಗೆ ಹೊಂದುತ್ತದೆ. ನಮ್ಮ ಸಂಘದ ಹಿರಿಯರೊಬ್ಬರು 'ಪತ್ರಿಕೆಯವರು ಒಪ್ಪಬೇಕಲ್ಲ' ಎಂದು ಗೊಣಗಿದರು. ಪತ್ರಿಕೆಯವರು ಒಂದು ವಿಷಯದಲ್ಲಿ ಈಗಾಗಲೇ ಉದಾರಿಗಳು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಜನ ಸತ್ತರು. ಅವರಲ್ಲೊಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಆಗ ಕನ್ನಡ ಪತ್ರಿಕೆಗಳು ಬರೆದದ್ದು 'ಯೋಧ' ಎಂದು, ಅರೆಯೋಧ ಎಂದಲ್ಲ.

ಹಾಗೆ ನೋಡಿದರೆ ಸೈನಿಕನೂ ಆಗಿ ಪೊಲೀಸನೂ ಆಗಿರುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ 'ಕಂದಾಚಾರ' ಎಂಬ ಇಲಾಖೆಯೇ ಇತ್ತು. ಅದರ ಪೇದೆಗಳು ಕೋಟೆ ಕಾಯುತ್ತಿದ್ದರು, ಊರಿನ ಶಾಂತಿಯನ್ನೂ ನೋಡಿಕೊಳ್ಳುತ್ತಿದ್ದರು, ಯುದ್ಧ ಬಂದರೆ ದಂಡಿಗೂ ಹೋಗುತ್ತಿದ್ದರು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲೂ ಈ ವ್ಯವಸ್ಥೆ ನಡೆದಿತ್ತು. ಈಗ ಕಂದಾಚಾರ ಎಂದರೆ ಮೂಢ ಆಚಾರ ಎಂಬ ಅರ್ಥವಷ್ಟೇ ನಮಗೆ ಗೊತ್ತು. ಪದಗಳಿಗೂ ನಿವೃತ್ತಿಯಾಗಿ ಬೇರೆ ಕೆಲಸಕ್ಕೆ ಸೇರಿಕೊಳ್ಳುವ ಅಭ್ಯಾಸವಿದೆ.

ಹೆಸರಿನಲ್ಲೇನಿದೆ ಎನ್ನುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಹೊಸ ಪಿಂಚಣಿ ಪದ್ಧತಿ 2004ರ ಜನವರಿ 1ರಿಂದ ಜಾರಿಗೆ ಬಂದಾಗ ಮೂರು ಸೇನೆಗಳನ್ನು ಅದರಿಂದ ಹೊರಗಿಟ್ಟರು. ಗೃಹ ಸಚಿವಾಲಯದ ಪಡೆಗಳನ್ನು ಹೊರಗಿಡಲಿಲ್ಲ. ಗಡಿ ಭದ್ರತಾ ಪಡೆಯ 1968ರ ಕಾಯ್ದೆ ಆ ಪಡೆಯನ್ನು ಕರೆಯುವುದು 'ಒಕ್ಕೂಟದ ಸಶಸ್ತ್ರ ಪಡೆ' ಎಂದೇ. ಜವಾನರು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟು, ಇವರೂ ಸಶಸ್ತ್ರ ಪಡೆಗಳವರೇ, ಹಳೆಯ ಪಿಂಚಣಿ ಇವರಿಗೂ ಸಲ್ಲಬೇಕು ಎಂದಿತು. ಸರ್ಕಾರ ಮೇಲ್ಮನವಿ ಹೋಗಿ, ಅದೇ ವರ್ಷ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಭಾವ ಹಳೆಯ ಕಾಲದಲ್ಲಿ ಸೇರಿದವರಾದ್ದರಿಂದ ಅವರಿಗೆ ಹಳೆಯ ಪಿಂಚಣಿ ಬರುತ್ತದೆ. ಅವರ ಅಣ್ಣನ ಮಗ 2009ರಲ್ಲಿ ಸೇರಿದವನು. ಇಬ್ಬರೂ ಕಾದದ್ದು ಒಂದೇ ಗಡಿ. ಇಂಡಿಯಾ ಗೇಟಿನ ಬಳಿ 2019ರಲ್ಲಿ ಆದ ಯುದ್ಧ ಸ್ಮಾರಕ ಸೈನ್ಯದವರದು. ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದ ಪೊಲೀಸ್ ಸ್ಮಾರಕದಲ್ಲಿ ಈ ಪಡೆಗಳವರ ಹೆಸರುಗಳಿವೆ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ 10 ಪೊಲೀಸರು ಬಲಿಯಾದರು, ಅದಕ್ಕಾಗಿ ಆ ದಿನಾಂಕ. ಇಂಡಿಯಾ ಗೇಟಿಗೆ ಐಸ್‌ಕ್ರೀಮಿಗೆಂದು ಹೋಗುವವರು ಒಮ್ಮೆ ಚಾಣಕ್ಯಪುರಿಗೂ ಹೋಗಿ ಬನ್ನಿ.

ಅಂದ ಹಾಗೆ, ಈಗ ಸರ್ಕಾರದ ಕಾಗದಪತ್ರಗಳಲ್ಲಿ ಈ ಐದು ಪಡೆಗಳಿಗೆ ಪ್ಯಾರಾಮಿಲಿಟರಿ ಎಂಬ ಹೆಸರಿಲ್ಲ. 2011ರಲ್ಲಿ ಗೃಹ ಸಚಿವಾಲಯ ಸಿ.ಆರ್.ಪಿ.ಎಫ್., ಬಿ.ಎಸ್.ಎಫ್., ಐ.ಟಿ.ಬಿ.ಪಿ., ಸಿ.ಐ.ಎಸ್.ಎಫ್., ಎಸ್.ಎಸ್.ಬಿ.ಗಳನ್ನು 'ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು' ಎಂದು ಕರೆಯಬೇಕೆಂದು ಆದೇಶಿಸಿತು. ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ. ಲೋಕಸೇವಾ ಆಯೋಗ ಈ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗಳಿಗೆ ನಡೆಸುವ ಪರೀಕ್ಷೆಯ ಹೆಸರಿನಲ್ಲೂ ಈ ಹೊಸ ಹೆಸರೇ ಇದೆ. ಪದವಿ ಮುಗಿಸಿರಬೇಕು, ವಯಸ್ಸು 20 ದಾಟಿ 25ರೊಳಗಿರಬೇಕು, ಬರವಣಿಗೆಯ ಪರೀಕ್ಷೆಯಾದ ಮೇಲೆ ಓಟ ಜಿಗಿತಗಳೂ ಇವೆ. ಹುಡುಗರಾದರೆ 800 ಮೀಟರ್ ದೂರವನ್ನು 3 ನಿಮಿಷ 45 ಸೆಕೆಂಡಿನೊಳಗೆ ಓಡಬೇಕು.

ನಮ್ಮ ಸೋದರಳಿಯ ಈ ಸಲ ಅದಕ್ಕೆ ಅರ್ಜಿ ಹಾಕಿದ್ದಾನೆ. 'ಒಬ್ಬರನ್ನ ಕಾಯ್ದದ್ದು ಸಾಕು' ಎಂದು ಅಕ್ಕ ಇನ್ನೂ ಒಪ್ಪಿಲ್ಲ. ಭಾವ ಹೌದೆಂದೂ ಅಲ್ಲವೆಂದೂ ಹೇಳಿಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಬಡಾವಣೆಯ ಮೈದಾನದಲ್ಲಿ ಹುಡುಗ ಓಡುವಾಗ, ಮಫ್ಲರ್ ಸುತ್ತಿಕೊಂಡು ಗಡಿಯಾರ ಹಿಡಿದು ನಿಂತಿರುತ್ತಾರೆ. ಕಳೆದ ವಾರ 4 ನಿಮಿಷಕ್ಕೆ ಬಂದಿದೆಯಂತೆ. ಇನ್ನು ಹದಿನೈದು ಸೆಕೆಂಡು ಇಳಿಯಬೇಕು.